ಅಕ್ಷರಗುಂಡು: ಓದಲು ಬಾರದವರಿಗೂ ಬರೆದ ಬರಹ

ಕೆಲವು ವರ್ಷದ ಹಿಂದಿನ ಮಾತು. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಅರಳಿಕಟ್ಟೆ. ಶೇಂಗಾ ಬೆಳೆ ವಿಮೆ ಬಗ್ಗೆ ನಾವು ಬರೆದಿದ್ದ ಲೇಖನವನ್ನು ಒಬ್ಬ ಹುಡುಗ ಮೊಬೈಲಿನಲ್ಲಿ ತೆಗೆದು ತನ್ನ ತಾತನಿಗೆ ಓದಿ ಹೇಳುತ್ತಿದ್ದ. ನಾವು ಪಕ್ಕದಲ್ಲೇ ನಿಂತಿದ್ದೆವು. ಬರೆದವರು ನಾವೇ ಅಂತ ಅವರಿಗೆ ಗೊತ್ತಿರಲಿಲ್ಲ. ಒಳಗೊಳಗೇ ಖುಷಿಯಾಗಿತ್ತು.

ಎರಡನೇ ಸಾಲಿಗೇ ಹುಡುಗ ತಡವರಿಸಿದ. 'ಅಧಿಸೂಚಿತ ಬೆಳೆ', 'ಅನುಷ್ಠಾನ ಸಂಸ್ಥೆ', 'ವಿಮಾ ಘಟಕ'. ಇಲಾಖೆಯ ಪ್ರಕಟಣೆಯಲ್ಲಿದ್ದ ಪದಗಳನ್ನು ನಾವು ಹಾಗೇ ಎತ್ತಿ ಇಟ್ಟಿದ್ದೆವು. ತಾತ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, "ಅದೆಲ್ಲಾ ಇರ್ಲಿ ಕಣಪ್ಪ, ದುಡ್ಡು ಕಟ್ಟಾಕೆ ಕಡೇ ದಿನ ಯಾವತ್ತು ಅಂತ ಬರ್ದವ್ರೆ? ಅದನ್ನ ಹೇಳು" ಅಂದರು.

ಹುಡುಗ ಪರದೆಯ ಮೇಲೆ ಬೆರಳಾಡಿಸಿದ. ಮೇಲೆ ನೋಡಿದ, ಕೆಳಗೆ ನೋಡಿದ. ಸಿಗಲಿಲ್ಲ. ಕಡೇ ದಿನ ಒಂಬತ್ತನೇ ಪ್ಯಾರಾದಲ್ಲಿತ್ತು. ಮೊಬೈಲ್ ಜೇಬಿಗೆ ಹೋಯಿತು.

ನಾವೇ ಮುಂದೆ ಹೋಗಿ, "ಇನ್ನು ಎರಡು ದಿನ ಐತೆ ತಾತ" ಎಂದೆವು. ಅವರೊಬ್ಬರಿಗೆ ಹೇಳಿದ್ದಾಯಿತು. ನಾವಿಲ್ಲದ ಕಟ್ಟೆಗಳ ಗತಿ?

ಹಳ್ಳಿಯ ಜನಕ್ಕೆ ತಲುಪುವ ಹಾಗೆ ಬರೆಯುವುದು ಹೇಗೆ ಅಂತ ಡಿಪ್ಲೊಮಾ ಓದುವಾಗ ಪುಸ್ತಕದಲ್ಲಿ ಓದಿದ್ದೆವು. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮದೇ ನೆಲದಲ್ಲಿ, 2,200 ವರ್ಷಕ್ಕೂ ಹಿಂದೆ ಇದ್ದರು. ಅವರ ಬರಹ ಇವತ್ತೂ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲಿದೆ.

ಬಂಡೆಯ ಮೇಲೊಂದು ಕಾಗದ

ಮೊಳಕಾಲ್ಮೂರು ಅಂದರೆ ಹೊರಗಿನವರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ. ಕರ್ನಾಟಕದಲ್ಲಿ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಮೂರು ಇದೇ ತಾಲ್ಲೂಕಿನಲ್ಲಿವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ. ಮೂರೂ ಕಡೆ ಇರುವುದು ಅಶೋಕ ಚಕ್ರವರ್ತಿಯ ಶಾಸನ, ಕ್ರಿ.ಪೂ. ಮೂರನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿ ಲೋಕಕ್ಕೆ ತಿಳಿಸಿದರು. ಊರಿಗೆ ಅಶೋಕ ಸಿದ್ದಾಪುರ ಎಂಬ ಹೆಸರು ಬಂದಿರುವುದು ಇದರಿಂದಲೇ.

ಈ ಶಾಸನ ಶುರುವಾಗುವ ರೀತಿ ನೋಡಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ದೊಡ್ಡ ಅಧಿಕಾರಿಗಳು, ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಇದು. ಇಸಿಲ ಅಂದರೆ ಇದೇ ಬ್ರಹ್ಮಗಿರಿ-ಸಿದ್ದಾಪುರದ ಜಾಗ ಎಂದು ವಿದ್ವಾಂಸರು ಗುರುತಿಸುತ್ತಾರೆ. ಹುಕುಂ ಹೇಳುವ ಮೊದಲು ಅವರ ಆರೋಗ್ಯ ವಿಚಾರಿಸಬೇಕು ಅಂತಿದೆ. ಹಿಂದೆ ನಮ್ಮ ಮನೆಗಳಿಗೆ ಬರುತ್ತಿದ್ದ ಕಾಗದ ನೆನಪಾಗುವುದಿಲ್ಲವೇ? ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಹೇಳಿ ಆಮೇಲೆ ವಿಷಯಕ್ಕೆ ಬರುತ್ತಿದ್ದರು.

ಎರಡನೆಯದು ಇನ್ನೂ ಆಶ್ಚರ್ಯ. ಚಕ್ರವರ್ತಿ ಮೊದಲು ತನ್ನ ಕೊರತೆಯನ್ನೇ ಹೇಳಿಕೊಳ್ಳುತ್ತಾನೆ. ತಾನು ಬುದ್ಧನ ಮಾರ್ಗದ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಈಗ ಚೆನ್ನಾಗಿ ಪ್ರಯತ್ನ ಮಾಡುತ್ತಿದ್ದೇನೆ ಎಂಬ ಅರ್ಥದ ಮಾತು ಅಲ್ಲಿದೆ. ದೊಡ್ಡವರಿಗೆ ಮಾತ್ರ ಇದು ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಎನ್ನುತ್ತಾನೆ. ಗಡಿಯಾಚೆಯ ಜನಕ್ಕೂ ಇದು ತಿಳಿಯಲಿ ಎನ್ನುತ್ತಾನೆ.

ಆಮೇಲೆ ಏನು ಮಾಡಬೇಕು ಎಂಬುದು ನೇರವಾಗಿ ಬರುತ್ತದೆ. ತಂದೆ ತಾಯಿ ಮಾತು ಕೇಳಬೇಕು. ಹಿರಿಯರಿಗೆ ವಿಧೇಯರಾಗಿರಬೇಕು. ಪ್ರಾಣಿಗಳಲ್ಲಿ ದಯೆ ಇರಬೇಕು. ನಿಜ ನುಡಿಯಬೇಕು. ಶಿಷ್ಯರು ಗುರುವನ್ನು ಗೌರವಿಸಬೇಕು. ನೆಂಟರಿಷ್ಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಇದು ಹೊಸದಲ್ಲ, ಹಿಂದಿನಿಂದ ಬಂದ ನಡೆ ಎಂದೂ ಹೇಳಿದೆ. ಇದರಲ್ಲಿ ಯಾವ ಮಾತೂ ಒಬ್ಬ ಕುರಿಗಾಹಿಗೆ ಅರ್ಥವಾಗದಂಥದ್ದಲ್ಲ.

ಶಾಸನದಲ್ಲಿ 256 ಎಂಬ ಅಂಕಿಯೂ ಇದೆ. ಪ್ರವಾಸದಲ್ಲಿ 256 ರಾತ್ರಿ ಕಳೆದಾಗ ಹೊರಡಿಸಿದ ಘೋಷಣೆ ಎಂದು ಅನೇಕ ವಿದ್ವಾಂಸರು ಅರ್ಥ ಮಾಡುತ್ತಾರೆ. ನಾವು ವರದಿಯ ತಲೆಯ ಮೇಲೆ ಊರು, ದಿನಾಂಕ ಹಾಕುವುದಿಲ್ಲವೇ, ಹಾಗೆ.

ಬರೆದವನ ಹೆಸರು

ಕಡೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಎಡದಿಂದ ಬಲಕ್ಕೆ ಇದೆ. ಆದರೆ ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಖರೋಷ್ಠಿ ಆಗ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಇವತ್ತಿನ ಪಾಕಿಸ್ತಾನದ ಪೇಶಾವರದ ಸುತ್ತಮುತ್ತ. ಹಾಗಾಗಿ ಇವನು ಆ ಕಡೆಯಿಂದ ಬಂದವನೋ, ಅಲ್ಲಿ ಕೆಲಸ ಮಾಡಿದವನೋ ಇರಬೇಕು ಎನ್ನುತ್ತಾರೆ.

ನಮ್ಮಂಥ ಬಿಡಿ ವರದಿಗಾರರಿಗೆ ಈ ಹೆಸರು ಕಂಡರೆ ಏನೋ ಒಂಥರಾ ಆಗುತ್ತದೆ. ಬಿಸಿಲಲ್ಲಿ ಅಲೆದು ಕಳಿಸಿದ ಸುದ್ದಿ ಎಷ್ಟೋ ಸಲ ನಮ್ಮ ಹೆಸರಿಲ್ಲದೆ ಅಚ್ಚಾಗುತ್ತದೆ. ಚಕ್ರವರ್ತಿಯ ಮಾತಿನ ಕೆಳಗೆ ಒಬ್ಬ ಬರಹಗಾರ ತನ್ನ ಹೆಸರು ಹಾಕಿಕೊಂಡ ಬಂಡೆ ನಮ್ಮ ತಾಲ್ಲೂಕಿನಲ್ಲಿದೆ. ಹೆಸರು ಹಾಕುವುದು ಹೆಮ್ಮೆಗೆ ಮಾತ್ರ ಅಲ್ಲ. ತಪ್ಪಾದರೆ ಯಾರನ್ನು ಕೇಳಬೇಕು ಅಂತಲೂ ಅದರಿಂದ ಗೊತ್ತಾಗುತ್ತದೆ.

ಬರಹಗಾರರು ತಪ್ಪುತ್ತಾರೆ ಎಂಬುದು ಅಶೋಕನಿಗೂ ಗೊತ್ತಿತ್ತು. ಅವನ ಹದಿನಾಲ್ಕನೇ ಬಂಡೆ ಶಾಸನ ಒಂದು ಸಂಪಾದಕರ ಟಿಪ್ಪಣಿ ಇದ್ದ ಹಾಗಿದೆ. ಅದರ ಭಾಗ ಕಲಬುರಗಿ ಜಿಲ್ಲೆಯ ಸನ್ನತಿಯ ಕಲ್ಲಿನಲ್ಲೂ ಸಿಕ್ಕಿದೆ. ತನ್ನ ಬರಹ ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ಮಧ್ಯಮವಾಗಿ, ಕೆಲವು ಕಡೆ ವಿಸ್ತಾರವಾಗಿ ಇದೆ, ಎಲ್ಲ ಕಡೆಗೂ ಎಲ್ಲವೂ ಹೊಂದುವುದಿಲ್ಲ ಎನ್ನುತ್ತಾನೆ. ಕೆಲವು ಮಾತು ಸಿಹಿಯಾಗಿವೆ, ಜನ ಹಾಗೆ ನಡೆಯಲಿ ಅಂತ ಮತ್ತೆ ಮತ್ತೆ ಹೇಳಿದ್ದೇನೆ ಎನ್ನುತ್ತಾನೆ. ಎಲ್ಲಾದರೂ ಅರ್ಧಂಬರ್ಧ ಇದ್ದರೆ ಅದಕ್ಕೆ ಜಾಗ ಕಾರಣ ಇರಬಹುದು, ಬರೆದವನ ತಪ್ಪೂ ಇರಬಹುದು ಎಂದು ಒಪ್ಪಿಕೊಳ್ಳುತ್ತಾನೆ.

ಓದುವವನು ಒಬ್ಬ, ಕೇಳುವವರು ಊರು

ಆ ಕಾಲದಲ್ಲಿ ಈ ಬಂಡೆ ಮುಂದೆ ನಿಂತು ಓದಬಲ್ಲವರು ಬೆರಳೆಣಿಕೆಯಷ್ಟು ಜನ ಇದ್ದಿರಬೇಕು. ಶಾಸನದ ಭಾಷೆ ಪ್ರಾಕೃತ. ಇಲ್ಲಿನ ಜನರ ಮನೆಮಾತು ಅದಲ್ಲ. ಇಸಿಲ ಎಂಬ ಹೆಸರೇ ಕನ್ನಡದ್ದು ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಹಾಗಾದರೆ ಜನಕ್ಕೆ ತಲುಪಿದ್ದು ಹೇಗೆ?

ಇದಕ್ಕೆ ಉತ್ತರ ಬೇರೆ ಶಾಸನಗಳಲ್ಲಿದೆ. ಒಡಿಶಾದ ಧೌಲಿಯಲ್ಲಿ ಅಶೋಕ ಅಧಿಕಾರಿಗಳಿಗೆ ಹೇಳುವುದು ಇದು: ತಿಷ್ಯ ನಕ್ಷತ್ರದ ದಿನ, ಅಂದರೆ ನಾವು ಪುಷ್ಯ ಎನ್ನುವ ದಿನ, ಇದನ್ನು ಓದಿ ಕೇಳಿಸಬೇಕು. ನಡುವೆ ಸಮಯ ಬಂದರೆ ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು. ನಮ್ಮ ಪಕ್ಕದ ಆಂಧ್ರದ ಎರ್ರಗುಡಿ ಶಾಸನದಲ್ಲಿ ಭೇರಿ ಬಾರಿಸಿ ಹಳ್ಳಿಯ ಜನಕ್ಕೆ ತಿಳಿಸುವ ಮಾತಿದೆ. ನಮ್ಮ ಊರುಗಳಲ್ಲಿ ತಮಟೆ ಹೊಡೆದು ಸಾರುವ ಪದ್ಧತಿಯ ಬೇರು ಎಷ್ಟು ಹಳೆಯದು ನೋಡಿ.

ಅಂದರೆ ಆ ಬರಹ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ. ಒಬ್ಬ ಓದುತ್ತಾನೆ, ಉಳಿದವರು ಕೇಳುತ್ತಾರೆ. ಅರಳಿಕಟ್ಟೆಯ ತಾತ ಮತ್ತು ಮೊಮ್ಮಗನ ಹಾಗೆಯೇ.

ಮುಂದೆ ಏನಾಯಿತು ಎಂಬುದರಲ್ಲೂ ಪಾಠವಿದೆ. ಓದಿ ಹೇಳುವವರು ಇಲ್ಲವಾದರು. ಬ್ರಾಹ್ಮಿ ಲಿಪಿ ಯಾರಿಗೂ ಬಾರದಂತಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿ ತೋರಿಸುವವರೆಗೆ ಶಾಸನಗಳೆಲ್ಲ ಮೂಕವಾಗಿದ್ದವು. ಬ್ರಹ್ಮಗಿರಿಯ ಬಂಡೆಗೆ ಜನ ಅಕ್ಷರಗುಂಡು ಅಂತ ಕರೆದರು. ಅಕ್ಷರ ಇದೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಜಟಿಂಗ ರಾಮೇಶ್ವರದ ಬಂಡೆಗೆ ಬಂದ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಅಕ್ಷರ ಸವೆದು ಹೋದವು. ಬಳೆಗಾರರದ್ದು ಏನೂ ತಪ್ಪಿಲ್ಲ. ತಮ್ಮ ಜೊತೆ ಮಾತಾಡದ ಅಕ್ಷರವನ್ನು ಅವರು ಬರೀ ಕಲ್ಲು ಅಂದುಕೊಂಡರು. ನಮ್ಮ ವಿಮೆ ಲೇಖನವನ್ನು ಹುಡುಗ ಜೇಬಿಗೆ ಹಾಕಿಕೊಂಡದ್ದೂ ಇದೇ ಕಾರಣಕ್ಕೆ.

ಕಲ್ಲಚ್ಚಿನಿಂದ ಕಾದಂಬರಿಗೆ

ಜನರ ಭಾಷೆಯಲ್ಲೇ ವರ್ತಮಾನ ಹೇಳುವ ಕೆಲಸ ಕನ್ನಡದಲ್ಲಿ ಮತ್ತೆ ಕಲ್ಲಿನಿಂದಲೇ ಶುರುವಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಅದು ಕಲ್ಲಚ್ಚಿನಲ್ಲಿ ಮುದ್ರಿಸಿದ ಪಾಕ್ಷಿಕ, ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರ ವರ್ತಮಾನವೂ ಇತ್ತು, ಸರ್ಕಾರದ ನಿರೂಪವೂ ಇತ್ತು, ಬುದ್ಧಿಮಾತು, ಕಥೆಗಳೂ ಇದ್ದವು. ಹುಕುಂ ಒಂದೇ ಕೊಟ್ಟರೆ ಯಾರೂ ಓದುವುದಿಲ್ಲ ಎಂಬುದು ಮೊಗ್ಲಿಂಗರಿಗೆ ತಿಳಿದಿತ್ತು. 1844ರಲ್ಲಿ ಅದೇ ಪತ್ರಿಕೆ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಬಳ್ಳಾರಿಗೆ ಬಂತು, ಮೊಳೆಯಚ್ಚಿನಲ್ಲಿ ಮುದ್ರಣವಾಯಿತು. ಬಳ್ಳಾರಿ ನಮಗೆ ಎಷ್ಟು ದೂರ? ಮೊಳಕಾಲ್ಮೂರಿನವರು ಆಸ್ಪತ್ರೆಗೆ, ವ್ಯಾಪಾರಕ್ಕೆ ಹೋಗುವ ಊರು ಅದು.

ಚಳ್ಳಕೆರೆ ತಾಲ್ಲೂಕಿಗೂ ಈ ಕಥೆಯಲ್ಲಿ ಪಾಲಿದೆ. ತಳುಕಿನ ಮನೆತನದ ತ.ರಾ. ಸುಬ್ಬರಾಯರು, ನಮ್ಮೆಲ್ಲರ ತರಾಸು, ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಕಾದಂಬರಿ ಮಾಡಿದರು. ಪತ್ರಿಕೆಯಲ್ಲೂ ದುಡಿದವರು ಅವರು. ಇತಿಹಾಸದ ದಪ್ಪ ಪುಸ್ತಕ ಮುಟ್ಟದವರೂ 'ದುರ್ಗಾಸ್ತಮಾನ' ಓದಿ ಮದಕರಿ ನಾಯಕನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಆ ಕೃತಿಗೆ 1985ರಲ್ಲಿ, ಅವರು ತೀರಿಕೊಂಡ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರವೇ ಬರುತ್ತಿರಲಿಲ್ಲ. ಆದರೆ ಸಾವಿರಾರು ಹಾಡು ಬಾಯಲ್ಲಿದ್ದವು. ಹಂಪಿ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಬರೆದಿಡದ ಹಾಡು ತಲೆಮಾರು ದಾಟಿ ಬಂದದ್ದು ಹೇಗೆ? ಸೊಲ್ಲು ಮತ್ತೆ ಮತ್ತೆ ಬರುತ್ತದೆ, ಮಾತು ಮನೆಯದ್ದೇ ಇರುತ್ತದೆ, ಕೇಳುವವರು ಎದುರಿಗೇ ಕೂತಿರುತ್ತಾರೆ. ಸಿಹಿ ಮಾತನ್ನು ಮತ್ತೆ ಮತ್ತೆ ಹೇಳಬೇಕು ಎಂದು ಅಶೋಕ ಬರೆಸಿದ್ದನ್ನು ನಮ್ಮ ಹಾಡುವ ಅಜ್ಜಿಯರು ಓದದೇ ಬಲ್ಲರು.

ಈಗ ನಾವು ಮಾಡುತ್ತಿರುವುದು

ಆ ಕಟ್ಟೆಯ ದಿನದ ನಂತರ ನಮ್ಮ ಬಳಗದಲ್ಲಿ ಕೂತು ಮಾತಾಡಿದೆವು. ಕೆಲವು ಕಟ್ಟಳೆ ಹಾಕಿಕೊಂಡೆವು. ಓದುಗರು ಏನು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು ಎಂಬುದು ಮೊದಲ ಮೂರು ಸಾಲಿನಲ್ಲೇ ಬರಬೇಕು. ಇಲಾಖೆಯ ಪದ ಬಿಡಲಾಗದಿದ್ದರೆ ಅದರ ಪಕ್ಕದಲ್ಲೇ ಸಂತೆಯಲ್ಲಿ ಆಡುವ ಮಾತು ಇರಬೇಕು. ಹಾಕುವ ಮುಂಚೆ ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಗಟ್ಟಿಯಾಗಿ ಓದಬೇಕು. ಅವರು "ಏನಂದೆ?" ಅಂದ ಜಾಗವನ್ನು ತಿದ್ದಬೇಕು. ಹಿಂದೆ ತಪ್ಪು ಬರೆದಿದ್ದರೆ ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. ಬರೆದವರ ಹೆಸರು ಹಾಕಬೇಕು.

ಇದರಿಂದ ಲೇಖನ ಚಿಕ್ಕದಾಗಿದೆ. ನಮ್ಮ ಪಾಂಡಿತ್ಯವೂ ಸ್ವಲ್ಪ ಕಡಿಮೆ ಕಾಣುತ್ತದೆ. ಪರವಾಗಿಲ್ಲ. ಮುಂದಿನ ಮುಂಗಾರಿಗೆ ವಿಮೆ ಸುದ್ದಿ ಮತ್ತೆ ಬರೆದೆವು. ಮೊದಲ ಸಾಲು ಕಡೇ ದಿನಾಂಕ. ಎರಡನೇ ಸಾಲು ಎಲ್ಲಿ ಕಟ್ಟಬೇಕು. ಮೂರನೇ ಸಾಲು ಯಾವ ಕಾಗದ ತೆಗೆದುಕೊಂಡು ಹೋಗಬೇಕು. ಅದೇ ಊರಿಗೆ ಹೋದಾಗ ತಾತ ಕಟ್ಟೆ ಮೇಲೇ ಇದ್ದರು. ಈ ಸಲ ಕಟ್ಟಿದಿರಾ ಅಂತ ಕೇಳಿದೆವು. "ಹೂಂ ಕಣಪ್ಪ, ಹುಡುಗ ಓದಿ ಹೇಳ್ದ" ಅಂದರು.

ಸಿದ್ದಾಪುರದ ಕಡೆ ಹೋದರೆ ಒಂದು ಗಳಿಗೆ ಬಂಡೆ ಹತ್ತಿರ ನಿಂತು ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಕ್ಷರ ಮುಟ್ಟಿ ಉಜ್ಜಬೇಡಿ, ಹೆಸರು ಕೆತ್ತಬೇಡಿ. ಇರುವ ಹೆಸರು ಚಪಡನದೊಂದೇ ಸಾಕು.

ಇನ್ನೊಂದು ಮಾತು. ಇದನ್ನು ನೀವು ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರೆ, ಯಾವ ಪದದ ಹತ್ತಿರ ತಡವರಿಸಿದಿರಿ, ಅವರು ಎಲ್ಲಿ "ಏನಂದೆ?" ಅಂದರು ಎಂಬುದನ್ನು ನಮಗೆ ತಿಳಿಸಿ. ಮುಂದಿನ ಸಲ ಆ ಪದ ಬದಲಿಸುತ್ತೇವೆ.