ಚೊಚ್ಚಲ ಹೆರಿಗೆಯ ಹೊಲಿಗೆ: ಒಂದು ಕತ್ತರಿಯ ಚರಿತ್ರೆ

ಹೆರಿಗೆಯಾದ ಮನೆಗೆ ಬಂದವರು ಮೊದಲು ಕೇಳುವುದು 'ಗಂಡೋ, ಹೆಣ್ಣೋ' ಎಂದು. ಆಮೇಲೆ 'ನಾರ್ಮಲ್ಲೋ, ಸಿಸೇರಿಯನ್ನೋ' ಎಂದು. ಚೊಚ್ಚಲ ಬಾಣಂತಿಯಾದರೆ ಉತ್ತರಕ್ಕೆ ಒಂದು ಬಾಲ ಸೇರಿಕೊಳ್ಳುವುದುಂಟು: 'ನಾರ್ಮಲ್, ಆದ್ರೆ ಹೊಲಿಗೆ ಹಾಕ್ಯಾರ.' ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನಲ್ಲಿ ಕನ್ನಡಿಗರ ಜೊತೆಗೆ ಸಿದ್ದಿಗಳು, ಗೌಳಿಗರು, ಲಂಬಾಣಿಗರು ಇದ್ದಾರೆ. 1966ರಿಂದ ಟಿಬೆಟನ್ ನಿರಾಶ್ರಿತರ ವಸಾಹತೂ ಇದೆ. ಇಷ್ಟು ಬಗೆಯ ಮೈಕಟ್ಟಿನ ತಾಯಂದಿರು ಒಂದೇ ತಾಲ್ಲೂಕಿನಲ್ಲಿರುವಾಗ, 'ಮೊದಲ ಹೆರಿಗೆಯೆಂದರೆ ಕೊಯ್ಯಲೇಬೇಕು, ನಮ್ಮ ಹೆಂಗಸರ ದೇಹರಚನೆಯೇ ಹಾಗೆ' ಎಂಬ ಮಾತು ಎಷ್ಟು ಸರಿ? ಈ ಮಾತು ಎಲ್ಲಿಂದ ಬಂತು ಎಂದು ಹುಡುಕಿದರೆ ಸುಮಾರು 280 ವರ್ಷಗಳ ಕಥೆ ತೆರೆದುಕೊಳ್ಳುತ್ತದೆ.

ಮೊದಲು ಅಂಗರಚನೆಯನ್ನು ನೋಡೋಣ. ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಸಾಮಾನ್ಯವಾಗಿ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಒಂದು ಜಾಗವಿದೆ. ಇದನ್ನು ಪೆರಿನಿಯಮ್ ಎನ್ನುತ್ತಾರೆ. ಚರ್ಮದ ಕೆಳಗೆ, ನಡುಮಧ್ಯದಲ್ಲಿ, ನಾರಿನಂಥ ಗಟ್ಟಿ ಅಂಗಾಂಶದ ಒಂದು ಗಂಟಿದೆ. ಯೋನಿಯನ್ನು ಸುತ್ತುವರಿದ ಸ್ನಾಯು, ಅಡ್ಡಲಾಗಿ ಎರಡೂ ಬದಿಯಿಂದ ಬರುವ ಸ್ನಾಯುಗಳು, ಗುದವನ್ನು ಬಿಗಿಹಿಡಿಯುವ ಬಳೆಯಂಥ ಸ್ನಾಯು, ಜೊತೆಗೆ ಸೊಂಟದ ತಳವನ್ನು ಜೋಲಿಯಂತೆ ಎತ್ತಿಹಿಡಿದ ಸ್ನಾಯುವಿನ ಎಳೆಗಳು, ಇವೆಲ್ಲ ಬಂದು ಸೇರುವುದು ಈ ಗಂಟಿಗೆ. ಡೇರೆಯ ಹಗ್ಗಗಳನ್ನೆಲ್ಲ ಬಿಗಿದು ಕಟ್ಟಿದ ಒಂದು ಗೂಟವನ್ನು ನೆನೆದುಕೊಳ್ಳಿ.

ಹೆರಿಗೆಯ ಕೊನೆಯ ಹಂತದಲ್ಲಿ ಸುಮಾರು 9.5 ಸೆಂ.ಮೀ. ಅಗಲದ ತಲೆ ಈ ದಾರಿಯಲ್ಲಿ ಬರಬೇಕು. ಗರ್ಭಕಾಲದ ಹಾರ್ಮೋನುಗಳಿಂದ ಅಂಗಾಂಶ ಮೆದುವಾಗಿರುತ್ತದೆ. ತಲೆ ನಿಧಾನವಾಗಿ ಒತ್ತಿದಂತೆ ಪೆರಿನಿಯಮ್ ತೆಳುವಾಗಿ ಹಿಗ್ಗುತ್ತದೆ. ಹಿಂದೆ ಹಿಗ್ಗಿ ಅಭ್ಯಾಸವಿಲ್ಲದ ಕಾರಣ ಮೊದಲ ಹೆರಿಗೆಯಲ್ಲಿ ಹರಿಯುವ ಸಂಭವ ಹೆಚ್ಚು. ಇದು ನಿಜ. ಹರಿತದಲ್ಲಿ ನಾಲ್ಕು ದರ್ಜೆಗಳಿವೆ: ಚರ್ಮ ಅಥವಾ ಒಳಪದರ ಮಾತ್ರ ಹರಿದರೆ ಮೊದಲನೆಯದು, ಸ್ನಾಯು ಹರಿದರೆ ಎರಡನೆಯದು, ಗುದದ ಸ್ನಾಯುಬಳೆಗೆ ಪೆಟ್ಟಾದರೆ ಮೂರನೆಯದು, ಮಲಾಶಯದ ಒಳಪದರವೂ ಹರಿದರೆ ನಾಲ್ಕನೆಯದು. ಕೊನೆಯ ಎರಡು ಭಯಂಕರ. ಸರಿಯಾಗಿ ಹೊಲಿಯದಿದ್ದರೆ ಮಲ, ವಾಯುವಿನ ಮೇಲಿನ ಹಿಡಿತವೇ ತಪ್ಪಬಹುದು. ಈಗ ಒಂದು ವಿಷಯ ಗಮನಿಸಿ: ವೈದ್ಯರು ಕತ್ತರಿಯಿಂದ ಮಾಡುವ ಕೊಯ್ತ, ಅಂದರೆ ಎಪಿಸಿಯಾಟಮಿ, ಚರ್ಮದ ಜೊತೆ ಸ್ನಾಯುವನ್ನೂ ಕತ್ತರಿಸುತ್ತದೆ. ಹಾಗಾಗಿ ಅದು ತಾನೇ ಎರಡನೆಯ ದರ್ಜೆಯ ಗಾಯ.

ಹಾಗಿದ್ದೂ ಕತ್ತರಿ ಬಂದದ್ದೇಕೆ? 1742ರಲ್ಲಿ ಡಬ್ಲಿನ್‌ನ ಫೀಲ್ಡಿಂಗ್ ಔಲ್ಡ್ ತನ್ನ ಸೂಲಗಿತ್ತಿ ವಿದ್ಯೆಯ ಪುಸ್ತಕದಲ್ಲಿ ಈ ಕೊಯ್ತವನ್ನು ವರ್ಣಿಸಿದ. ತಲೆ ಬಾಗಿಲಿಗೆ ಬಂದು, ಎಷ್ಟು ನೋವು ಬಂದರೂ ಮುಂದೆ ಸಾಗದೆ ನಿಂತುಬಿಟ್ಟಾಗ ಮಾತ್ರ ಎಂಬುದು ಅವನ ಷರತ್ತು. ಅದು ಕೊನೆಯ ಉಪಾಯವಾಗಿತ್ತು. ಅರಿವಳಿಕೆ ಇಲ್ಲದ, ಸೋಂಕಿನ ಕಾರಣ ಗೊತ್ತಿಲ್ಲದ ಆ ಕಾಲದಲ್ಲಿ ಬೇರೆ ರೀತಿ ಇರಲು ಸಾಧ್ಯವೂ ಇರಲಿಲ್ಲ.

ಮುಂದಿನ ಶತಮಾನದಲ್ಲಿ ಅರಿವಳಿಕೆ, ಸೋಂಕುನಿವಾರಣೆ ಎರಡೂ ಬಂದವು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ತಾಯಿ ಮಂಡಿಯೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ನಿಂತು, ಬೆನ್ನ ಮೇಲೆ ಮಲಗಿ ಕಾಲು ಮೇಲೆತ್ತುವ ಭಂಗಿ ರೂಢಿಯಾಯಿತು. ವೈದ್ಯರ ಕಣ್ಣಿಗೂ ಕೈಗೂ ಅನುಕೂಲವಾದ ಭಂಗಿ ಅದು. 1918ರಲ್ಲಿ ಅಮೆರಿಕದ ರಾಲ್ಫ್ ಪೊಮೆರಾಯ್, ಚೊಚ್ಚಲ ಹೆರಿಗೆಯ ಪ್ರತಿಯೊಬ್ಬಳನ್ನೂ ಕೊಯ್ದು ಮತ್ತೆ ಹೊಲಿಯಬೇಕೇ ಎಂಬ ಪ್ರಶ್ನೆಯನ್ನು ಸಹೋದ್ಯೋಗಿಗಳ ಮುಂದಿಟ್ಟ. ಎರಡು ವರ್ಷಗಳ ನಂತರ, 1920ರಲ್ಲಿ, ಷಿಕಾಗೋದ ಜೋಸೆಫ್ ಡಿಲೀ ಚೊಚ್ಚಲ ಹೆರಿಗೆಗಳಿಗೆ 'ಮುನ್ನೆಚ್ಚರಿಕೆಯ ಇಕ್ಕುಳ' ಮತ್ತು ಕೊಯ್ತ ಎರಡನ್ನೂ ಸೂಚಿಸಿದ. ಅವನ ತರ್ಕ ಸರಳ: ಅಂಕುಡೊಂಕಾಗಿ ಹರಿಯುವುದಕ್ಕಿಂತ ನೇರವಾಗಿ ಕೊಯ್ದ ಗಾಯ ಚೆನ್ನಾಗಿ ಕೂಡುತ್ತದೆ, ಗರ್ಭಕೋಶ ಜಾರದು, ಮಗುವಿನ ಮಿದುಳಿಗೆ ಒತ್ತಡ ತಪ್ಪುತ್ತದೆ. ಹೆರಿಗೆಯೇ ಒಂದು ಅಪಘಾತ ಎಂಬ ದೃಷ್ಟಿ ಇದರ ಹಿಂದಿತ್ತು.

ಕೇಳಲು ಎಷ್ಟು ಸರಿಯಾಗಿದೆ! ಬಟ್ಟೆ ಹರಿದದ್ದನ್ನೂ ಕತ್ತರಿಸಿದ್ದನ್ನೂ ಹೊಲಿದು ನೋಡಿದ ಯಾರೂ ಒಪ್ಪಿಯಾರು. ಪಠ್ಯಪುಸ್ತಕಗಳು ಒಪ್ಪಿದವು, ವಿದ್ಯಾರ್ಥಿಗಳು ಕಲಿತರು, ಅವರು ಕಲಿಸಿದರು. 1979ರಲ್ಲಿ ಅಮೆರಿಕದ ಯೋನಿಮಾರ್ಗದ ಹೆರಿಗೆಗಳಲ್ಲಿ ಶೇ. 61ರಷ್ಟರಲ್ಲಿ ಈ ಕೊಯ್ತವಾಗಿತ್ತು. ಅಲ್ಲಿಯವರೆಗೆ ಯಾರೂ ಇದನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ ಎಂಬುದೇ ಆಶ್ಚರ್ಯ. 1983ರಲ್ಲಿ ಥ್ಯಾಕರ್ ಮತ್ತು ಬ್ಯಾಂಟಾ 1860ರಿಂದ 1980ರವರೆಗಿನ ಇಂಗ್ಲಿಷ್ ಬರಹಗಳನ್ನು ಜಾಲಾಡಿ, ಹೇಳಿಕೊಂಡ ಲಾಭಗಳಿಗೆ ಗಟ್ಟಿ ಆಧಾರವಿಲ್ಲ ಎಂದರು.

ಪರೀಕ್ಷೆಯ ಕೆಲಸದಲ್ಲಿ ಮುಂದಾದವಳು ಒಬ್ಬ ಸೂಲಗಿತ್ತಿ ಎಂಬುದನ್ನು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ರೆಡಿಂಗ್ ಊರಿನ ಜೆನಿಫರ್ ಸ್ಲೀಪ್ ಮತ್ತು ಸಂಗಡಿಗರು 1,000 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದರಲ್ಲಿ ಮಗುವಿಗೆ ಅಪಾಯವಿದ್ದರೆ ಮಾತ್ರ ಕೊಯ್ತ, ಇನ್ನೊಂದರಲ್ಲಿ ಹರಿತ ತಪ್ಪಿಸಲು ಧಾರಾಳವಾಗಿ ಕೊಯ್ತ. ಮೊದಲ ಗುಂಪಿನಲ್ಲಿ ಶೇ. 10, ಎರಡನೆಯದರಲ್ಲಿ ಶೇ. 51 ಮಂದಿಗೆ ಕತ್ತರಿ ತಗುಲಿತು. 1984ರಲ್ಲಿ ಫಲಿತಾಂಶ ಬಂದಾಗ, ಹೆಚ್ಚು ಕೊಯ್ದದ್ದರಿಂದ ತಾಯಿಗಾಗಲೀ ಮಗುವಿಗಾಗಲೀ ಲಾಭ ಕಾಣಲಿಲ್ಲ. 1993ರಲ್ಲಿ ಅರ್ಜೆಂಟೀನಾದಲ್ಲಿ 2,606 ತಾಯಂದಿರ ಮೇಲೆ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಅಗತ್ಯವಿದ್ದರಷ್ಟೇ ಕೊಯ್ದ ಗುಂಪಿನಲ್ಲಿ ತೀವ್ರ ಹರಿತ ಶೇ. 1.2, ರೂಢಿಯಂತೆ ಕೊಯ್ದ ಗುಂಪಿನಲ್ಲಿ ಶೇ. 1.5. ಅಂದರೆ ಯಾವುದನ್ನು ತಡೆಯಲು ಕೊಯ್ಯುತ್ತಿದ್ದರೋ ಅದನ್ನೇ ಕತ್ತರಿ ತಡೆಯಲಿಲ್ಲ. ಕೊಯ್ಯದವರಲ್ಲಿ ಮುಂಭಾಗದ ಚಿಕ್ಕ ಹರಿತಗಳು ಹೆಚ್ಚಾದದ್ದು ನಿಜ. ಆದರೆ ಹೊಲಿಗೆಯ ಅಗತ್ಯ ಒಟ್ಟಾರೆ ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸಹಜ ಹೆರಿಗೆಗೆ ರೂಢಿಯ ಕೊಯ್ತವನ್ನು ಶಿಫಾರಸು ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅಮೆರಿಕದ ಪ್ರಮಾಣ 2012ರ ಹೊತ್ತಿಗೆ ಸುಮಾರು ಶೇ. 12ಕ್ಕೆ ಇಳಿದಿತ್ತು.

ಇಷ್ಟಾದರೂ ನಮ್ಮಲ್ಲಿ ಒಂದು ವಾದ ಉಳಿದಿದೆ: ಅದು ಪರದೇಶದ ಲೆಕ್ಕ, ಏಷ್ಯಾದವರ ಪೆರಿನಿಯಮ್ ಗಿಡ್ಡ. ಪೆರಿನಿಯಮ್ ತೀರಾ ಗಿಡ್ಡವಿದ್ದರೆ ತೀವ್ರ ಹರಿತದ ಅಪಾಯ ಹೆಚ್ಚು ಎನ್ನುವ ಅಧ್ಯಯನಗಳು ಇವೆ. ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಏಷ್ಯಾ ಮೂಲದ ತಾಯಂದಿರಿಗೆ ಹೆಚ್ಚು ಪೆಟ್ಟಾಗುವುದೂ ದಾಖಲಾಗಿದೆ. ಆದರೆ ಏಷ್ಯಾದಲ್ಲೇ ಹೆರುವ ಏಷ್ಯಾದವರಲ್ಲಿ ಆ ಹೆಚ್ಚಳ ಕಾಣುವುದಿಲ್ಲ ಎಂದು 2012ರ ಒಂದು ವಿಮರ್ಶೆ ತೋರಿಸಿತು. ಹಾಗಿದ್ದರೆ ವ್ಯತ್ಯಾಸವೆಲ್ಲ ಮೈಯಲ್ಲೇ ಇದೆ ಎನ್ನಲಾಗದು. ಭಂಗಿ, ಭಾಷೆ, ನೋಡಿಕೊಳ್ಳುವ ಕೈ ಇವೂ ಲೆಕ್ಕಕ್ಕೆ ಬರಬೇಕು. ಮುಂಡಗೋಡದ ಸಿದ್ದಿ ತಾಯಿಯನ್ನೂ ಟಿಬೆಟನ್ ತಾಯಿಯನ್ನೂ 'ಏಷ್ಯಾದ ಸರಾಸರಿ'ಯಲ್ಲಿ ಅಳೆಯುವುದಂತೂ ವಿಜ್ಞಾನವಲ್ಲ. ಅಳತೆಪಟ್ಟಿ ಬೇಕಾದ್ದು ಎದುರಿಗಿರುವ ಒಬ್ಬ ತಾಯಿಗೆ.

ಹಾಗೆಂದು ಹಳೆಯದೆಲ್ಲ ಚಿನ್ನವೂ ಅಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈಗಳು ಎಲ್ಲ ಊರಿಗೂ ಇರಲಿಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69. ಆಸ್ಪತ್ರೆ ಹೆರಿಗೆ ಹೆಚ್ಚಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಕತ್ತರಿಯೂ ಬೇಕು: ಮಗುವಿನ ಹೃದಯಬಡಿತ ಕುಸಿದಾಗ, ಇಕ್ಕುಳ ಹಾಕಬೇಕಾದಾಗ. ಮುಂಡಗೋಡದಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸುಮಾರು 50 ಕಿ.ಮೀ. ದಾರಿ, ತಲೆ ಬಾಗಿಲಲ್ಲಿರುವಾಗ ಅಷ್ಟು ದೂರ ಯೋಚಿಸಲಾಗದು.

ಕೊಯ್ಯುವುದೇ ಆದರೆ ಎಲ್ಲಿ, ಯಾವ ಕೋನದಲ್ಲಿ ಎಂಬುದು ಮುಖ್ಯ. ನಡುಗೆರೆಯಲ್ಲಿ ನೇರ ಕೆಳಗೆ ಕೊಯ್ದರೆ ಅದು ಗುದದ ಬಳೆಯತ್ತಲೇ ಹರಿಯುತ್ತದೆ. ಆದ್ದರಿಂದ ಓರೆಯಾಗಿ, ಸಾಮಾನ್ಯವಾಗಿ ಬಲಕ್ಕೆ ಕೊಯ್ಯುತ್ತಾರೆ. ಇಲ್ಲೊಂದು ರೇಖಾಗಣಿತದ ಸ್ವಾರಸ್ಯವಿದೆ. ತಲೆ ಒತ್ತಿ ಪೆರಿನಿಯಮ್ ಬಲೂನಿನಂತೆ ಹಿಗ್ಗಿರುವಾಗ 60 ಡಿಗ್ರಿಯಲ್ಲಿ ಕೊಯ್ದರೆ, ಮಗು ಹೊರಬಂದು ಚರ್ಮ ಕುಗ್ಗಿದ ಮೇಲೆ ಹೊಲಿಗೆ ಸುಮಾರು 45 ಡಿಗ್ರಿಯಲ್ಲಿ ಬೀಳುತ್ತದೆ. ಕಣ್ಣಂದಾಜಿನಲ್ಲಿ 45 ಎಂದು ಕೊಯ್ದವರ ಗಾಯ ನಡುಗೆರೆಗೆ ತೀರಾ ಹತ್ತಿರ ಬಂದಿರುತ್ತದೆ. ಬಲೂನಿನ ಮೇಲೆ ಗೆರೆ ಎಳೆದು ಗಾಳಿ ಬಿಟ್ಟು ತರಗತಿಯಲ್ಲೇ ತೋರಿಸಬಹುದು.

ಹರಿತ ತಗ್ಗಿಸುವ ಬೇರೆ ದಾರಿಗಳೂ ಪರೀಕ್ಷೆಯಲ್ಲಿ ನಿಂತಿವೆ. ತಲೆ ಹೊರಬರುವಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೆರಿನಿಯಮ್ಮಿಗೆ ಒತ್ತಿಹಿಡಿದರೆ ಮೂರನೆಯ, ನಾಲ್ಕನೆಯ ದರ್ಜೆಯ ಹರಿತ ಕಡಿಮೆಯಾಗುತ್ತದೆ. ಕೊನೆಯ ತಿಂಗಳ ಮಾಲೀಶಿನಿಂದ ಚೊಚ್ಚಲ ತಾಯಂದಿರಲ್ಲಿ ಕೊಯ್ತದ ಅಗತ್ಯ ತಗ್ಗುತ್ತದೆ. ಕುಳಿತು, ಮಂಡಿಯೂರಿ ಹೆತ್ತರೆ ಕೊಯ್ತ ಕಡಿಮೆ. ರಕ್ತಸ್ರಾವದ ಮೇಲೆ ಮಾತ್ರ ಹೆಚ್ಚು ನಿಗಾ ಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲಾಗಿವೆ, ಶೇ. 31.5 ಸಿಸೇರಿಯನ್. ಎಪಿಸಿಯಾಟಮಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಕೊಯ್ತವಾಯಿತೇ, ಯಾವ ಕಾರಣಕ್ಕೆ, ತಾಯಿಯ ಒಪ್ಪಿಗೆ ಕೇಳಿದರೇ ಎಂಬ ಮೂರು ಸಾಲುಗಳನ್ನು ಹೆರಿಗೆ ಕೋಣೆಯ ಕೇಸ್ ಶೀಟಿನಲ್ಲಿ ಬರೆಯಲು ಒಂದು ನಿಮಿಷ ಸಾಕು.