ಫೋನ್ ತಿರುಗಿಸಿದ ಕೂಡಲೇ ಆ್ಯಪ್ ಮುಚ್ಚಿಕೊಂಡರೆ ಅದು ವೈರಸ್ಸೇ?

ಆ್ಯಪ್‌ನಲ್ಲಿ ಅರ್ಜಿ ತುಂಬುತ್ತಿರುತ್ತೀರಿ. ಫೋನ್ ಅಡ್ಡ ತಿರುಗುತ್ತದೆ, ಆ್ಯಪ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ‘ವೈರಸ್ ಬಂದಿದೆ, ಈ ಕ್ಲೀನರ್ ಹಾಕಿಕೊಳ್ಳಿ’ ಎಂದು ಯಾರಾದರೂ ಲಿಂಕ್ ಕಳಿಸಿದರೆ ಒತ್ತುವ ಮುನ್ನ ಇದನ್ನು ಓದಿ.

ನಿಜವೇನು?

ಒಂದೇ ಆ್ಯಪ್‌ನಲ್ಲಿ, ತಿರುಗಿಸಿದಾಗ ಮಾತ್ರ ಹೀಗಾಗುತ್ತಿದ್ದರೆ ಅದು ಬಹುಮಟ್ಟಿಗೆ ಆ ಆ್ಯಪ್ ಬರೆದವರ ತಪ್ಪು. ಆಂಡ್ರಾಯ್ಡ್‌ನಲ್ಲಿ ಫೋನ್ ತಿರುಗಿದಾಗ ಸಾಮಾನ್ಯವಾಗಿ ಹಳೆಯ ಪರದೆಯನ್ನು ನಾಶಮಾಡಿ, ಹೊಸ ಅಳತೆಗೆ ತಕ್ಕಂತೆ ಇನ್ನೊಂದನ್ನು ಕಟ್ಟಲಾಗುತ್ತದೆ. ಇದು ವ್ಯವಸ್ಥೆಯ ಸಹಜ ನಡೆ.

ಕಾಲ್‌ಬ್ಯಾಕ್ ಎಂದರೇನು?

ಹಿಟ್ಟಿನ ಗಿರಣಿಯಲ್ಲಿ ರಾಗಿ ಕೊಟ್ಟು, ‘ಬೀಸಿದ ಮೇಲೆ ಈ ಮನೆಗೆ ಕಳಿಸಿ’ ಎಂದು ವಿಳಾಸ ಬರೆಸಿ ಬಂದಿರಿ ಎಂದುಕೊಳ್ಳೋಣ. ಆ್ಯಪ್‌ನ ಪರದೆಯೂ ಹೀಗೆಯೇ ಇಂಟರ್‌ನೆಟ್‌ನಿಂದ ಮಾಹಿತಿ ಕೇಳಿ, ‘ಬಂದಾಗ ನನ್ನನ್ನು ಕರೆ’ ಎಂದು ಹೇಳಿಡುತ್ತದೆ. ಇದೇ ಕಾಲ್‌ಬ್ಯಾಕ್.

ಮಾಹಿತಿ ಬರುವ ಮೊದಲೇ ಪರದೆ ನಾಶವಾದರೆ ಎರಡು ಬಗೆಯ ತೊಂದರೆ ಬರಬಹುದು:

1. ಕ್ರ್ಯಾಶ್: ಹಿಟ್ಟು ತಂದ ಹುಡುಗ ಕೆಡವಿದ ಮನೆಯ ಬಾಗಿಲು ಹುಡುಕಿದಂತೆ, ಕಾಲ್‌ಬ್ಯಾಕ್ ಇಲ್ಲದ ಪರದೆಯ ಮೇಲೆ ಏನನ್ನೋ ತೋರಿಸಲು ಹೋಗುತ್ತದೆ. ಆ್ಯಪ್ ಮುಚ್ಚಿಕೊಳ್ಳುತ್ತದೆ.
2. ಮೆಮೊರಿ ಲೀಕ್: ‘ಹಿಟ್ಟು ಬರಬೇಕಲ್ಲ’ ಎಂದು ಖಾಲಿ ಮನೆಯನ್ನು ಹಾಗೇ ಉಳಿಸಿಕೊಂಡಂತೆ. ಕಾಲ್‌ಬ್ಯಾಕ್ ಹಿಡಿದಿಟ್ಟ ಹಳೆಯ ಪರದೆಯನ್ನು ಮೆಮೊರಿಯಿಂದ ತೆಗೆಯಲಾಗದು. ಇಂಥ ಪರದೆಗಳು ಹೆಚ್ಚಾದಂತೆ ಆ್ಯಪ್ ನಿಧಾನವಾಗುತ್ತದೆ.

ಪರಿಹಾರ ಇರುವುದು ಮಾಲೀಕತ್ವದಲ್ಲಿ

ಯಾವ ಆಬ್ಜೆಕ್ಟ್ ಯಾರದ್ದು, ಅದು ಎಲ್ಲಿಯವರೆಗೆ ಇರಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವರು ಮೊದಲೇ ನಿರ್ಧರಿಸಬೇಕು. ವಿಳಾಸ ಬರೆಸಿದವರೇ ಮನೆ ಬಿಡುವಾಗ ಅದನ್ನು ಅಳಿಸಬೇಕು. ಪರದೆಗಿಂತ ಹೆಚ್ಚು ಕಾಲ ನಡೆಯುವ ಕೆಲಸದ ಹೊಣೆಯನ್ನು ಪರದೆಗೆ ಕೊಡಬಾರದು.

ಆಂಡ್ರಾಯ್ಡ್‌ನಲ್ಲಿ ಹಿಂದೆ ಬಹಳ ಬಳಕೆಯಲ್ಲಿದ್ದ ‘ಅಸಿಂಕ್‌ಟಾಸ್ಕ್’ ಇಂಥ ಲೀಕ್ ಮತ್ತು ಕ್ರ್ಯಾಶ್‌ಗಳಿಗೆ ದಾರಿ ಮಾಡಿಕೊಡುತ್ತಿತ್ತು. 2020ರ ಆಂಡ್ರಾಯ್ಡ್ 11ರಲ್ಲಿ ಗೂಗಲ್ ಅದನ್ನು ‘ಇನ್ನು ಬಳಸಬೇಡಿ’ ಎಂಬ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು, 2017ರಲ್ಲಿ, ‘ವ್ಯೂಮಾಡೆಲ್’ ಮತ್ತು ‘ಲೈವ್‌ಡೇಟಾ’ ಬಂದಿದ್ದವು. ಪರದೆ ತಿರುಗಿದರೂ ವ್ಯೂಮಾಡೆಲ್ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ; ಪರದೆ ನಾಶವಾದಾಗ ಲೈವ್‌ಡೇಟಾ ಅದರ ವಿಳಾಸವನ್ನು ತಾನೇ ಅಳಿಸುತ್ತದೆ. ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಬಳಸುವ ‘ಕ್ಯೂಟಿ’ಯಲ್ಲಿಯೂ ಇದೇ ಶಿಸ್ತು: ಕಿಟಕಿ ಅಳಿದರೆ ಅದಕ್ಕೆ ಸೇರಿದ ಬಟನ್‌ಗಳೂ ಅಳಿಯುತ್ತವೆ, ಅವುಗಳ ಸಂಪರ್ಕಗಳೂ ಕಡಿಯುತ್ತವೆ.

ನೀವೇನು ಮಾಡಬಹುದು?

• ಆ್ಯಪ್ ಅಪ್‌ಡೇಟ್ ಮಾಡಿ. ಅರ್ಜಿ ತುಂಬುವಾಗ ಆಟೋ ರೊಟೇಟ್ ಆಫ್ ಮಾಡಿ.
• ‘ಇಂಥ ಪುಟದಲ್ಲಿ ತಿರುಗಿಸಿದಾಗ ಮುಚ್ಚಿತು’ ಎಂದು ಆ್ಯಪ್‌ನವರಿಗೆ ಬರೆಯಿರಿ. ತಪ್ಪು ಹುಡುಕಲು ಆ ಒಂದು ಸಾಲು ಬಹಳ ನೆರವಾಗುತ್ತದೆ.
• ಫಾರ್ವರ್ಡ್ ಲಿಂಕಿನಿಂದ ಕ್ಲೀನರ್ ಹಾಕಿಕೊಳ್ಳಬೇಡಿ. ಬೇರೆ ಆ್ಯಪ್‌ನ ಕೋಡ್‌ನಲ್ಲಿರುವ ತಪ್ಪನ್ನು ಯಾವ ಕ್ಲೀನರ್ ಕೂಡ ತಿದ್ದಲಾರದು. ಅಪರಿಚಿತ ಆ್ಯಪ್‌ಗೆ ನೀವು ಕೊಡುವ ಅನುಮತಿಗಳೇ ನಿಜವಾದ ಅಪಾಯ ತರಬಹುದು.

ಕೊನೆಯ ಮಾತಿಷ್ಟೇ: ಆ್ಯಪ್ ಮುಚ್ಚಿಕೊಂಡ ಮಾತ್ರಕ್ಕೆ ಅದು ವೈರಸ್ ಅಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.