ಮಡಿಲ ಕೂಸಿಗೂ ಒಂದು ಟಿಕೆಟ್



ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ತವರು ಮಂಗಳೂರಿನ ಕಡೆ, ಗಂಡನ ಮನೆ ಚೆನ್ನೈನ ಮಾಂಬಲದಲ್ಲೋ ಐನಾವರದಲ್ಲೋ ಇದ್ದರೆ, ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ಮರಳುವ ಹೊತ್ತಿಗೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ರೈಲೋ, ವಿಮಾನವೋ? ರೈಲಾದರೆ ರಾತ್ರಿಯಿಡೀ ಕೇರಳ ಸುತ್ತಿಕೊಂಡು ಬರಬೇಕು. ವಿಮಾನವಾದರೆ ಗಂಟೆ, ಒಂದೂವರೆ ಗಂಟೆಯ ಮಾತು. "ಕೂಸಿಗೇನು ಟಿಕೆಟ್ಟು, ಅಮ್ಮನ ಮಡಿಲಲ್ಲೇ ತಾನೆ ಇರೋದು" ಎಂದು ಯಾರೋ ಹೇಳುತ್ತಾರೆ. ಟಿಕೆಟ್ ಮಾಡಿಸಲು ಕೂತಾಗ ನಿಜ ತಿಳಿಯುತ್ತದೆ. ಕೂಸಿಗೆ ಸೀಟಿಲ್ಲ, ಆದರೂ ದುಡ್ಡಿದೆ. ಅದೂ ಹಾಲುಗಲ್ಲದ ಮಗುವಿಗೆ ಸಾವಿರ ಚಿಲ್ಲರೆ!

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ಟೇ ಬೇಡ. ವಿಮಾನದಲ್ಲಿ ಮಾತ್ರ ಯಾಕೆ ಹೀಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ವಿಮಾನಯಾನದ ಇತಿಹಾಸದಲ್ಲಿ ಒಂದು ವಿಚಿತ್ರ ಲೆಕ್ಕ ಸಿಗುತ್ತದೆ. ಮಗುವನ್ನು ಒಂದು ಪೂರ್ಣ ಜೀವ ಎಂದು ಎಣಿಸಲು ಈ ವ್ಯವಸ್ಥೆ ಬಹಳ ಕಾಲ ತೆಗೆದುಕೊಂಡಿತು. ಈಗಲೂ ಎಣಿಕೆ ಪೂರ್ತಿಯಾಗಿಲ್ಲ.

ತೂಕದ ಕಾಲ

ನಮ್ಮ ಮದರಾಸಿಗೂ ಕನ್ನಡ ನೆಲಕ್ಕೂ ಆಕಾಶದ ನಂಟು ಬೆಳೆದದ್ದು 1932ರಲ್ಲಿ. ಆ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಅಂಚೆ ತಂದರು. ಅಲ್ಲಿಂದ ಅದನ್ನು ಮದರಾಸಿಗೆ ತಂದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ಇಳಿದ ಊರು ನಮ್ಮ ಬಳ್ಳಾರಿ! ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಕರಾಚಿಯಿಂದ ಹೊರಟ ಆ ಅಂಚೆ ಚೀಲದ ತೂಕ ಸುಮಾರು 25 ಕಿಲೋ. ಆ ಕಾಲದ ವಿಮಾನಕ್ಕೆ ತೂಕವೇ ಸರ್ವಸ್ವ. ಒಂದು ಕಿಲೋ ಹೆಚ್ಚಾದರೆ ಅಷ್ಟು ಇಂಧನ ಹೆಚ್ಚು ಬೇಕು. ಹಾಗಾಗಿ ವಿಮಾನ ಕಂಪನಿಯವರ ಕಣ್ಣಿಗೆ ಮನುಷ್ಯನೂ ತೂಕವೇ, ಕೂಸೂ ತೂಕವೇ. ರೈಲಿನ ಬೋಗಿಗೆ ಒಂದು ಕೂಸು ಹತ್ತಿದರೆ ಎಂಜಿನ್ನಿಗೆ ಗೊತ್ತಾಗುವುದಿಲ್ಲ. ಸಣ್ಣ ವಿಮಾನಕ್ಕೆ ಗೊತ್ತಾಗುತ್ತದೆ. ರೈಲಿನ ಲೆಕ್ಕವೂ ವಿಮಾನದ ಲೆಕ್ಕವೂ ಬೇರೆ ಬೇರೆ ಆಗಲು ಇದೊಂದು ಕಾರಣ.

ಹತ್ತು ಪರ್ಸೆಂಟ್ ಕಾಲ

1945ರಲ್ಲಿ ಹವಾನಾದಲ್ಲಿ ವಿಮಾನ ಕಂಪನಿಗಳು ಸೇರಿ 'ಅಯಾಟಾ' ಎಂಬ ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡವು. ದೇಶದಿಂದ ದೇಶಕ್ಕೆ ದರ ಹೇಗಿರಬೇಕು ಎಂಬುದನ್ನು ಕೂತು ತೀರ್ಮಾನಿಸುತ್ತಿದ್ದದ್ದು ಈ ಸಂಘವೇ. ಅಲ್ಲಿ ಬೇರೂರಿದ ಸೂತ್ರ ಇದು: ಎರಡು ವರ್ಷ ತುಂಬದ, ಸೀಟು ಕೇಳದ ಕೂಸಿಗೆ ದೊಡ್ಡವರ ದರದ ನೂರಕ್ಕೆ ಹತ್ತು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ.

ನಮ್ಮ ದೇಶದಲ್ಲಿ 1953ರ ಆಗಸ್ಟ್ 1ರಂದು ವಿಮಾನಯಾನ ರಾಷ್ಟ್ರೀಕರಣವಾಯಿತು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸೇರಿದಂತೆ ಹಲವು ಕಂಪನಿಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಹುಟ್ಟಿತು. ಹತ್ತು ಪರ್ಸೆಂಟ್, ಅರ್ಧ ಟಿಕೆಟ್ ಲೆಕ್ಕ ಇಲ್ಲೂ ನಡೆಯಿತು. ಮೀನಂಬಾಕ್ಕದಿಂದ ಹಾರುತ್ತಿದ್ದ ಡಕೋಟಾಗಳಲ್ಲಿ ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ವಿಮಾನ ಏರಿದಂತೆ, ಇಳಿದಂತೆ ಒತ್ತಡ ಬದಲಾಗಿ ಕಿವಿ ಅಡರುತ್ತಿತ್ತು. ದೊಡ್ಡವರು ಎಂಜಲು ನುಂಗಿ ಸುಧಾರಿಸಿಕೊಳ್ಳುತ್ತಿದ್ದರು, ಕೂಸು ಅಳುತ್ತಿತ್ತು. 1957ರಲ್ಲಿ ಒತ್ತಡ ಕಾಯುವ ವೈಕೌಂಟ್ ವಿಮಾನಗಳು ಬಂದ ಮೇಲೆ ಕೂಸುಗಳಿಗೂ ಎಷ್ಟೋ ಹಾಯೆನಿಸಿತು. ಮುಂದೆ ಉದ್ದದ ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಎದುರಿನ ಗೋಡೆಗೆ ತಗಲಿಸುವ ಪುಟ್ಟ ತೊಟ್ಟಿಲೂ ಬಂತು.

ಆ ದಿನಗಳಲ್ಲಿ ಮಗುವಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕೆಂಬ ಕಡ್ಡಾಯವೂ ಇರಲಿಲ್ಲ. ಹೆತ್ತವರ ಪಾಸ್‌ಪೋರ್ಟಿನಲ್ಲೇ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಕಾಗದದಲ್ಲೂ ಕೂಸು ತಾಯಿಯ ಮಡಿಲಲ್ಲೇ ಇತ್ತು ಅನ್ನಿ.

ಒಂದು ರೂಪಾಯಿ ಟಿಕೆಟ್

1994ರಲ್ಲಿ ಸರ್ಕಾರ ವಿಮಾನಯಾನದ ಏಕಸ್ವಾಮ್ಯದ ಕಾಯ್ದೆಯನ್ನು ರದ್ದು ಮಾಡಿತು. ಖಾಸಗಿ ಕಂಪನಿಗಳಿಗೆ ಬಾಗಿಲು ಪೂರ್ತಿ ತೆರೆಯಿತು. ನಂತರ ಬಂದವರು ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಚೆನ್ನೈನವರಿಗೆ ಈ ಕಥೆ ಗೊತ್ತೇ ಇದೆ. 2020ರಲ್ಲಿ ಬಂದ ಸೂರ್ಯ ಅವರ 'ಸೂರರೈ ಪೋಟ್ರು' ಚಿತ್ರಕ್ಕೆ ಸ್ಫೂರ್ತಿ ಇವರ ಬದುಕೇ.

ಏರ್ ಡೆಕ್ಕನ್ ಒಂದು ರೂಪಾಯಿಗೂ ಟಿಕೆಟ್ ಮಾರಿತು. ಈಗ ಹತ್ತು ಪರ್ಸೆಂಟ್ ಸೂತ್ರ ಹಾಕಿ ನೋಡಿ: ಕೂಸಿಗೆ ಹತ್ತು ಪೈಸೆ! ದರ ಗಂಟೆಗೊಮ್ಮೆ ಬದಲಾಗುವ ಈ ಹೊಸ ವ್ಯಾಪಾರದಲ್ಲಿ ಶೇಕಡಾವಾರು ಲೆಕ್ಕ ಕಂಪನಿಗಳಿಗೆ ಒಗ್ಗಲಿಲ್ಲ. ಹಾಗಾಗಿ ಕಡಿಮೆ ದರದ ಕಂಪನಿಗಳ ಕಾಲದಲ್ಲಿ ದೇಶದೊಳಗೆ ಕೂಸಿಗೆ ನಿಗದಿತ ಶುಲ್ಕ ಎಂಬ ಪದ್ಧತಿ ನೆಲೆಯೂರಿತು. ದೊಡ್ಡವರ ದರ ಎಷ್ಟೇ ಇರಲಿ, ಕೂಸಿಗೆ ಇಷ್ಟು. ಎರಡು ದಾಟಿದ ಮಕ್ಕಳಿಗೆ ಸಿಗುತ್ತಿದ್ದ ಅರ್ಧ ಟಿಕೆಟ್ಟೂ ಈ ಕಂಪನಿಗಳಲ್ಲಿ ಹೋಯಿತು. ಸೀಟು ಹಿಡಿದರೆ ಪೂರ್ತಿ ಹಣ.

ಇದರಿಂದ ಒಂದು ತಮಾಷೆ ಹುಟ್ಟಿತು. ಚೆನ್ನೈ–ಬೆಂಗಳೂರಿನಂಥ ಹತ್ತಿರದ ದಾರಿಯಲ್ಲಿ ದೊಡ್ಡವರ ದರ ಇಳಿದಾಗ, ಸೀಟಿಲ್ಲದ ಕೂಸಿನ ಶುಲ್ಕ ಸೀಟಿರುವವರ ದರದ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ದೂರದ ದುಬಾರಿ ಪಯಣದಲ್ಲಿ ಅದೇ ಶುಲ್ಕ ಹಳೆಯ ಹತ್ತು ಪರ್ಸೆಂಟಿಗಿಂತಲೂ ಅಗ್ಗವಾಗಬಹುದು. ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಮಾತ್ರ ಆ ಹಳೆಯ ಸೂತ್ರ ಬಹುಮಟ್ಟಿಗೆ ಉಳಿದಿದೆ.

ಮಡಿಲು ಎಂಬ ಸೀಟು

ಇಷ್ಟು ದುಡ್ಡಿನ ಮಾತಾಯಿತು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ವಿಮಾನ ಏರುವಾಗ, ಇಳಿಯುವಾಗ ಕಾಫಿ ಲೋಟವನ್ನೂ ಕೈಯಲ್ಲಿ ಹಿಡಿಯಲು ಬಿಡದ ವ್ಯವಸ್ಥೆ, ಕೂಸನ್ನು ಮಾತ್ರ ಕೈಯಲ್ಲೇ ಹಿಡಿಯಲು ಬಿಡುತ್ತದೆ.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಕೆಟ್ಟು ನೆಲಕ್ಕಪ್ಪಳಿಸಿತು. ಒಳಗಿದ್ದ 296 ಮಂದಿಯಲ್ಲಿ 184 ಮಂದಿ ಬದುಕಿದರು. ಅದರಲ್ಲಿ ನಾಲ್ಕು ಮಡಿಲ ಕೂಸುಗಳಿದ್ದವು. ಆಗಿನ ಪದ್ಧತಿಯಂತೆ ಪರಿಚಾರಕಿಯರ ಮುಖ್ಯಸ್ಥೆ ಜಾನ್ ಬ್ರೌನ್ ಅವರು, ಕೂಸುಗಳನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ಹೆತ್ತವರಿಗೆ ಹೇಳಿದ್ದರು. ಒಂದು ಮಗು ಉಳಿಯಲಿಲ್ಲ. ಕೂಸಿಗೂ ಸೀಟು, ಬೆಲ್ಟು ಕಡ್ಡಾಯವಾಗಬೇಕು ಎಂದು ಆ ತಾಯಿ ಹೃದಯದ ಹೆಂಗಸು ವರ್ಷಗಟ್ಟಲೆ ಹೋರಾಡಿದರು. ಅಪಘಾತದ ತನಿಖಾ ಮಂಡಳಿಯೂ ಅದನ್ನೇ ಶಿಫಾರಸು ಮಾಡಿತು.

ಆದರೆ ಅಲ್ಲಿನ ವಿಮಾನಯಾನ ಇಲಾಖೆ ಒಪ್ಪಲಿಲ್ಲ. 2005ರಲ್ಲಿ ಕಡ್ಡಾಯ ಮಾಡುವುದಿಲ್ಲ ಎಂದು ಖಡಾಖಂಡಿತ ಹೇಳಿತು. ಅದರ ವಾದ ಕೇಳಿ: ಕೂಸಿಗೂ ಪೂರ್ತಿ ಟಿಕೆಟ್ ಕಡ್ಡಾಯ ಮಾಡಿದರೆ ಖರ್ಚಿಗೆ ಹೆದರಿ ಅನೇಕ ಕುಟುಂಬಗಳು ಕಾರಿನಲ್ಲಿ ಹೊರಡುತ್ತವೆ. ರಸ್ತೆ ಆಕಾಶಕ್ಕಿಂತ ಅಪಾಯ. ಉಳಿಸಿದ ಜೀವಕ್ಕಿಂತ ಕಳೆದುಕೊಂಡ ಜೀವವೇ ಹೆಚ್ಚಾಗುತ್ತದೆ. ವೆಲ್ಲೂರು, ಕೃಷ್ಣಗಿರಿ ದಾರಿಯಲ್ಲಿ ರಾತ್ರಿ ಹೊತ್ತು ಬೆಂಗಳೂರಿಗೆ ಕಾರು ಓಡಿಸಿದವರಿಗೆ ಈ ವಾದ ಅರ್ಥವಾಗುತ್ತದೆ. ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ.

ನಮ್ಮಲ್ಲಿ ಕೂಸಿಗೆ ಒಂದು ಪುಟ್ಟ ಬೆಲ್ಟ್ ಕೊಡುತ್ತಾರೆ. ಅದು ತಾಯಿಯ ಬೆಲ್ಟಿಗೆ ಸಿಕ್ಕಿಸುವಂಥದ್ದು. ಯೂರೋಪಿನಲ್ಲೂ ಇದೇ ಪದ್ಧತಿ. ಅಮೆರಿಕದವರು ಇದನ್ನು ಒಪ್ಪುವುದಿಲ್ಲ, ಧಕ್ಕೆಯಾದಾಗ ದೊಡ್ಡವರ ದೇಹದ ಭಾರ ಮಗುವಿನ ಮೇಲೆ ಬೀಳುತ್ತದೆ ಎನ್ನುತ್ತಾರೆ. ಇನ್ನೊಂದು ಸೂಕ್ಷ್ಮ: ಮೂರು ಸೀಟಿನ ಸಾಲಿಗೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮುಖವಾಡಗಳಿರುತ್ತವೆ. ನಾಲ್ಕನೆಯದು ಕೂಸಿಗೆ. ಅಕ್ಕ ತಂಗಿಯರು ಇಬ್ಬರೂ ಕೂಸು ಹಿಡಿದು ಪಕ್ಕಪಕ್ಕ ಕೂರುತ್ತೇವೆ ಎಂದರೆ ಗಗನಸಖಿ ಬೇಡ ಎನ್ನುವುದು ಇದೇ ಕಾರಣಕ್ಕೆ.

ಅರ್ಧ ಟಿಕೆಟ್, ಅರ್ಧ ಬೆಲೆ

ಈಗ ಹೇಳಲು ಕಷ್ಟವಾಗುವ ಮಾತು. ಅರ್ಧ ಟಿಕೆಟ್ಟಿನ ಲೆಕ್ಕ ಬರೀ ದರಪಟ್ಟಿಯಲ್ಲಿ ಉಳಿಯಲಿಲ್ಲ, ಪರಿಹಾರದ ಕಾನೂನಿಗೂ ಹೊಕ್ಕಿತು. ಬಹಳ ಕಾಲ ನಮ್ಮ ದೇಶದೊಳಗಿನ ವಿಮಾನ ಅಪಘಾತದಲ್ಲಿ ಸತ್ತವರು ಹನ್ನೆರಡು ವರ್ಷ ದಾಟಿದ್ದರೆ ಪರಿಹಾರ 7.5 ಲಕ್ಷ ರೂಪಾಯಿ. ಹನ್ನೆರಡರ ಒಳಗಿದ್ದರೆ 3.75 ಲಕ್ಷ. ಸರಿಯಾಗಿ ಅರ್ಧ.

2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು. ಊರಿಗೆ ಮರಳುತ್ತಿದ್ದ ಅಮ್ಮಂದಿರ ಮಡಿಲಲ್ಲಿ ಕೂಸುಗಳೂ ಇದ್ದವು. ತಕ್ಷಣದ ಮಧ್ಯಂತರ ಪರಿಹಾರ ಪ್ರಕಟವಾದಾಗ ಹನ್ನೆರಡು ದಾಟಿದವರಿಗೆ 10 ಲಕ್ಷ, ಹನ್ನೆರಡರ ಒಳಗಿನವರಿಗೆ 5 ಲಕ್ಷ ಎಂದಿತ್ತು. ಹಳೆಯ ಅರ್ಧದ ಲೆಕ್ಕ ಇಲ್ಲೂ ಬಂದು ಕೂತಿತ್ತು.

ವಾಸ್ತವದಲ್ಲಿ ಆ ಹೊತ್ತಿಗೆ ಕಾನೂನು ಬದಲಾಗಿತ್ತು. 1999ರ ಮಾಂಟ್ರಿಯಲ್ ಒಪ್ಪಂದವನ್ನು ಭಾರತ 2009ರಲ್ಲಿ ಒಪ್ಪಿಕೊಂಡಿತ್ತು. ಅಂತರರಾಷ್ಟ್ರೀಯ ಹಾರಾಟದಲ್ಲಿ ಪ್ರಯಾಣಿಕರು ಸತ್ತರೆ, ಒಂದು ಲಕ್ಷ 'ಎಸ್‌ಡಿಆರ್' ವರೆಗಿನ ನಷ್ಟಕ್ಕೆ, ಅಂದರೆ ಆಗ ಸುಮಾರು 70 ಲಕ್ಷ ರೂಪಾಯಿವರೆಗೆ, 'ನಮ್ಮ ತಪ್ಪಿಲ್ಲ' ಎಂದು ಹೇಳಿ ಕಂಪನಿ ಜಾರಿಕೊಳ್ಳುವಂತಿಲ್ಲ. ಆ ಒಪ್ಪಂದದಲ್ಲಿ ಪ್ರಯಾಣಿಕರು ಎಂದರೆ ಪ್ರಯಾಣಿಕರು. ಹನ್ನೆರಡರ ಗೆರೆ ಅಲ್ಲಿಲ್ಲ. 2014ರಲ್ಲಿ ದೇಶದೊಳಗಿನ ಹಾರಾಟಕ್ಕೂ ಹೊಸ ಅಧಿಸೂಚನೆ ಬಂದು ಪರಿಹಾರದ ಮಿತಿ 20 ಲಕ್ಷಕ್ಕೆ ಏರಿತು.

ಗೆರೆ ಅಳಿಸಿದರೂ ಒಂದು ತೊಡಕು ಉಳಿದಿದೆ. ಸತ್ತವರ ಸಂಪಾದನೆ ಎಷ್ಟಿತ್ತು, ಅವರನ್ನು ನಂಬಿದವರೆಷ್ಟು ಎಂಬ ಲೆಕ್ಕದಲ್ಲೇ ನಷ್ಟವನ್ನು ಅಳೆಯುವುದು ರೂಢಿ. ಹತ್ತು ತಿಂಗಳ ಕೂಸಿನ ಸಂಪಾದನೆ ಎಷ್ಟು? ತೊಟ್ಟಿಲು ಬರಿದಾದ ಮನೆಗೆ ಈ ಪ್ರಶ್ನೆ ಕೇಳುವುದೇ ಕ್ರೂರ.

ಹೊರಡುವವರಿಗೆ ನಾಲ್ಕು ಮಾತು

ಹೆದರಿಸಲು ಇದನ್ನೆಲ್ಲ ಹೇಳಲಿಲ್ಲ. ವಿಮಾನ ಪ್ರಯಾಣ ಸುರಕ್ಷಿತವೇ. ತಿಳಿದು ಹೊರಡಿ ಎಂಬುದಷ್ಟೇ ಆಶಯ.

ಹುಟ್ಟಿ ಎಷ್ಟು ದಿನವಾದ ಮೇಲೆ ಕೂಸನ್ನು ಹತ್ತಿಸಿಕೊಳ್ಳುತ್ತಾರೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರಿಗೆ ಮೂರೇ ದಿನ ಸಾಕು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಬಾಣಂತಿಯ ಆರೋಗ್ಯ ನೋಡಿ ವೈದ್ಯರ ಮಾತು ಕೇಳುವುದೇ ಮೇಲು. ದೊಡ್ಡವರೊಬ್ಬರ ಮಡಿಲಿಗೆ ಒಂದೇ ಕೂಸು. ಅವಳಿ ಮಕ್ಕಳಿದ್ದು ಜೊತೆಗೆ ಇನ್ನೊಬ್ಬರು ದೊಡ್ಡವರಿಲ್ಲದಿದ್ದರೆ ಮೊದಲೇ ವಿಚಾರಿಸಿ.

ವಯಸ್ಸಿನ ಪುರಾವೆಗೆ ಜನನ ಪ್ರಮಾಣಪತ್ರವೋ ಮಗುವಿನ ಆಧಾರ್ ಕಾರ್ಡೋ ಕೈಯಲ್ಲಿರಲಿ. ವಿದೇಶಕ್ಕಾದರೆ ಈಗ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ಆದರೆ ಹುಟ್ಟಿದ ಮೇಲೆ ಹೆಸರಿಡುವುದನ್ನು ತಡಮಾಡಬೇಡಿ, ಕಾಗದಪತ್ರಕ್ಕೆ ಹೆಸರು ಬೇಕೇ ಬೇಕು. ಹೋಗುವಾಗ ಎರಡು ತುಂಬದ ಮಗು ಬರುವಾಗ ಎರಡು ದಾಟಿದ್ದರೆ, ಬರುವ ಪಯಣಕ್ಕೆ ಸೀಟಿನ ಟಿಕೆಟ್ ಬೇಕು.

2006ರಲ್ಲಿ ಲಂಡನ್ನಿನ ಸಂಚು ಬಯಲಾದ ಮೇಲೆ ಅಂತರರಾಷ್ಟ್ರೀಯ ಪಯಣದಲ್ಲಿ ದ್ರವಗಳಿಗೆ ಕಟ್ಟುನಿಟ್ಟು ಬಂದರೂ ಕೂಸಿನ ಹಾಲು, ಆಹಾರಕ್ಕೆ ವಿನಾಯಿತಿ ಇದೆ. ತಪಾಸಣೆಯವರು ಕೇಳಿದರೆ ತೋರಿಸಿ. ಏರುವಾಗ, ಮುಖ್ಯವಾಗಿ ಇಳಿಯುವಾಗ ಹಾಲೂಡಿಸಿ. ನುಂಗಿದಾಗ ಕಿವಿಯ ಒತ್ತಡ ಇಳಿಯುತ್ತದೆ.

ಕೊನೆಯದಾಗಿ, ಟಿಕೆಟ್ ಮಾಡಿಸುವ ಮುನ್ನ ಕೂಸಿನ ಶುಲ್ಕವನ್ನೂ ಅದೇ ವಿಮಾನದ ಒಂದು ಸೀಟಿನ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕೆಲವು ನೂರು ರೂಪಾಯಿಯಷ್ಟೇ ಆದರೆ, ವಿಮಾನಕ್ಕೆ ಹೊಂದುವ ಮಗುವಿನ ಸೀಟನ್ನು ಬಿಡುತ್ತಾರೆಯೇ ಎಂದು ಕಂಪನಿಯನ್ನು ಕೇಳಿ. ಬಿಡುವುದಾದರೆ ಆ ಕೆಲವು ನೂರು ದಂಡವಲ್ಲ. ದರಪಟ್ಟಿ ಮಗುವನ್ನು ಹತ್ತರಲ್ಲಿ ಒಂದು ಪಾಲು ಎನ್ನಲಿ, ಅರ್ಧ ಎನ್ನಲಿ, ಮನೆಯವರ ಲೆಕ್ಕದಲ್ಲಿ ಅದು ಇಡೀ ಒಂದು ಜೀವವೇ ಅಲ್ಲವೇ?